ಬಾಹ್ಯಾಕಾಶದಿಂದ ಮರಳಿದವರು ಮತ್ತೆ ನಡೆಯಲಾರರೇ? ಸತ್ಯ ಇಲ್ಲಿದೆ

ಗಗನಯಾತ್ರಿಗಳನ್ನು ಸ್ಟ್ರೆಚರ್‌ನಲ್ಲಿ ಒಯ್ಯುವ ವಿಡಿಯೊ ನಿಮಗೂ ಬಂದಿರಬಹುದು. ‘ಇವರಿಗೆ ಇನ್ನು ನಡೆಯಲು ಬರುವುದಿಲ್ಲ’ ಎಂಬ ಒಕ್ಕಣೆಯೂ ಜೊತೆಗಿರುತ್ತದೆ. ಇದು ನಿಜವೇ?

ಅಲ್ಲ. ಸ್ಟ್ರೆಚರ್ ಬಳಸುವುದು ಮುನ್ನೆಚ್ಚರಿಕೆಯ ಕ್ರಮ. 286 ದಿನ ಬಾಹ್ಯಾಕಾಶದಲ್ಲಿದ್ದ ಸುನೀತಾ ವಿಲಿಯಮ್ಸ್ 2025ರ ಮಾರ್ಚ್‌ನಲ್ಲಿ ಭೂಮಿಗೆ ಮರಳಿದರು. ಎರಡು ವಾರ ಕಳೆಯುವುದರೊಳಗೆ ಸುಮಾರು 5 ಕಿ.ಮೀ. ಓಡಿದ್ದಾಗಿ ಅವರೇ ಹೇಳಿದರು.

ಹಾಗಾದರೆ ಆರಂಭದಲ್ಲಿ ತೂರಾಡುವುದೇಕೆ?

ಮಡಿಕೇರಿಯಿಂದ ಸಂಪಾಜೆ ಘಾಟಿ ಇಳಿಯುವಾಗ ಬಸ್ಸಿನಲ್ಲಿ ಮೊಬೈಲ್ ನೋಡಿದರೆ ಹಲವರಿಗೆ ವಾಕರಿಕೆ ಬರುತ್ತದೆ. ದೇಹ ವಾಲುತ್ತಿದೆ ಎನ್ನುತ್ತದೆ ಕಿವಿ, ಏನೂ ಅಲುಗಾಡುತ್ತಿಲ್ಲ ಎನ್ನುತ್ತದೆ ಕಣ್ಣು. ಮಿದುಳಿಗೆ ಗೊಂದಲ. ಗಗನಯಾತ್ರಿಗಳ ಕಷ್ಟವೂ ಇಂಥದ್ದೇ. ಒಳಕಿವಿಯಲ್ಲಿ ಕ್ಯಾಲ್ಸಿಯಂ ಕಾರ್ಬೊನೇಟ್‌ನ ಸಣ್ಣ ಹರಳುಗಳಿವೆ. ತಲೆ ಬಾಗಿದಾಗ ಗುರುತ್ವದಿಂದ ಇವು ಜಾರುತ್ತವೆ, ‘ಬಾಗಿದೆ’ ಎಂಬ ಸುದ್ದಿ ಮಿದುಳಿಗೆ ತಲುಪುತ್ತದೆ. ತೂಕವಿಲ್ಲದ ಸ್ಥಿತಿಯಲ್ಲಿ ಈ ಸುದ್ದಿ ಬರುವುದಿಲ್ಲ. ಮಿದುಳು ಕಣ್ಣನ್ನೇ ಹೆಚ್ಚು ನೆಚ್ಚಿಕೊಳ್ಳುತ್ತದೆ. ಭೂಮಿಗೆ ಬಂದ ಮೇಲೆ ಹಳೆಯ ಪಾಠವನ್ನು ಮತ್ತೆ ಕಲಿಯಬೇಕು. ಕಾಲು, ಬೆನ್ನಿನ ಸ್ನಾಯುಗಳೂ ಸೊರಗಿರುತ್ತವೆ. ಎದ್ದು ನಿಂತಾಗ ರಕ್ತದೊತ್ತಡ ಇಳಿದು ತಲೆ ತಿರುಗುವುದೂ ಉಂಟು.

ಚೇತರಿಕೆ ಹೇಗೆ?

ಬರೀ ವಿಶ್ರಾಂತಿಯಿಂದಲ್ಲ, ಅಭ್ಯಾಸದಿಂದ. ದೀರ್ಘಕಾಲ ಇದ್ದು ಬಂದವರಿಗೆ ನಾಸಾ 45 ದಿನ, ದಿನಕ್ಕೆ ಎರಡು ಗಂಟೆ ತರಬೇತಿ ಕೊಡುತ್ತದೆ. ಮೊದಲು ನಡಿಗೆ ಮತ್ತು ಸ್ನಾಯುಬಲ, ಆಮೇಲೆ ಸಮತೋಲನದ ಕಸರತ್ತು. ಬೆಂಗಳೂರಿನ ಇಸ್ರೊ ಕೇಂದ್ರದಲ್ಲಿ ತರಬೇತಿ ಪಡೆದಿದ್ದ ಶುಭಾಂಶು ಶುಕ್ಲಾ 2025ರ ಜುಲೈ 15ರಂದು ಮರಳಿದರು. ಅವರ ಆರೈಕೆಗೆ ಇಸ್ರೊ ವೈದ್ಯರಿದ್ದರು. ಆಸರೆ ಹಿಡಿದು ನಡೆಯುತ್ತಿದ್ದ ವಿಡಿಯೊವನ್ನು ಅವರೇ ಹಂಚಿಕೊಂಡರು. ಆಗಸ್ಟ್‌ನಲ್ಲಿ ಅವರು ಭಾರತಕ್ಕೆ ಬಂದಿಳಿದಾಗ ನಡೆದೇ ಬಂದರು.

ನಮಗೇನು ಪಾಠ?

ಅದೇ ಹರಳುಗಳು ಜಾಗ ತಪ್ಪಿದರೆ ಹಾಸಿಗೆಯಲ್ಲಿ ಮಗ್ಗುಲು ಬದಲಿಸುವಾಗ ತಲೆ ಗಿರ್ರೆನ್ನುತ್ತದೆ. ಮನೆಯಲ್ಲಿ ಹಿರಿಯರಿಗೆ ಹೀಗಾದರೆ ‘ವಯಸ್ಸಾಯಿತು, ಮಲಗಿರಿ’ ಎಂದು ಸುಮ್ಮನಾಗಬೇಡಿ. ತಲೆಯನ್ನು ಕ್ರಮವಾಗಿ ತಿರುಗಿಸಿ ಹರಳನ್ನು ಸ್ವಸ್ಥಾನಕ್ಕೆ ತರುವ ಚಿಕಿತ್ಸೆ ಇದೆ. ಕಿವಿ-ಮೂಗು-ಗಂಟಲು ತಜ್ಞರನ್ನು ಕಾಣಿ. ತಲೆಸುತ್ತಿನ ಜೊತೆ ಮಾತು ತೊದಲಿದರೆ, ಒಂದು ಕಡೆಯ ಕೈಕಾಲು ಸೋತರೆ ಅದು ಪಾರ್ಶ್ವವಾಯು ಇರಬಹುದು. ತಡಮಾಡದೆ ಆಸ್ಪತ್ರೆಗೆ ಹೋಗಿ.