ಪ್ಲಾಸ್ಟಿಕ್ ಚೀಲದಿಂದ ಮೊಬೈಲಿಗೆ: ರೋಗಿಯ ಕಡತ ಯಾರ ಸ್ವತ್ತು?

ಮಾಗಡಿ ರಸ್ತೆಯ ಕಾಮಾಕ್ಷಿಪಾಳ್ಯವೆಂದರೆ ಸಣ್ಣ ಕೈಗಾರಿಕೆಗಳ ಬೀಡು. ಲೇತ್ ಯಂತ್ರದ ಮುಂದೆ ದುಡಿಯುವ ಇಲ್ಲಿನ ಕಾರ್ಮಿಕ ಜ್ವರ ಬಂದರೆ ಬೀದಿಯ ಕ್ಲಿನಿಕ್ಕಿಗೆ, ಕೈಗೆ ಪೆಟ್ಟಾದರೆ ರಾಜಾಜಿನಗರದ ಇ.ಎಸ್.ಐ. ಆಸ್ಪತ್ರೆಗೆ, ಎದೆನೋವೆಂದರೆ ಜಯದೇವಕ್ಕೆ ಓಡುತ್ತಾನೆ. ಹೋದಲ್ಲೆಲ್ಲ ಹೊಸ ಚೀಟಿ, ಹೊಸ ನಂಬರು. ಅವೆಲ್ಲ ಒಂದೆಡೆ ಸೇರುವುದು ಮನೆಯ ಗೋಡೆಯ ಮೊಳೆಗೆ ತೂಗುಹಾಕಿದ ಪ್ಲಾಸ್ಟಿಕ್ ಚೀಲದಲ್ಲಿ ಮಾತ್ರ. ಬಾಡಿಗೆ ಮನೆ ಬದಲಿಸುವಾಗ ಆ ಚೀಲ ಕಳೆದುಹೋದರೆ, ಯಾವ ಔಷಧಿ ಮೈಗೆ ಒಗ್ಗದು, ಸಕ್ಕರೆ ಕಾಯಿಲೆ ಎಂದಿನಿಂದ ಇದೆ ಎಂಬ ವಿವರಗಳೂ ಕಳೆದಂತೆಯೇ. ಹಾಗಾದರೆ ರೋಗಿಯ ಚರಿತ್ರೆ ಯಾರ ಕೈಯಲ್ಲಿರಬೇಕು? ಈ ಪ್ರಶ್ನೆ ಹೊಸತಲ್ಲ.

ಹಿಂದೆ ಪ್ರತಿ ವೈದ್ಯರೂ ತಮ್ಮದೇ ಲೆಡ್ಜರಿನಲ್ಲಿ ಟಿಪ್ಪಣಿ ಬರೆದಿಡುತ್ತಿದ್ದರು. ಒಬ್ಬರು ಬರೆದದ್ದು ಇನ್ನೊಬ್ಬರಿಗೆ ಸುಲಭಕ್ಕೆ ಸಿಗುತ್ತಿರಲಿಲ್ಲ. 1907ರಲ್ಲಿ ಅಮೆರಿಕದ ಮೇಯೋ ಕ್ಲಿನಿಕ್ಕಿನಲ್ಲಿ ಡಾ. ಹೆನ್ರಿ ಪ್ಲಮ್ಮರ್ ಒಬ್ಬ ರೋಗಿಗೆ ಒಂದೇ ನಂಬರು, ಒಂದೇ ಕಡತ ಎಂಬ ಪದ್ಧತಿ ತಂದರು. ಆಸ್ಪತ್ರೆಗಳಿಗೆ ಇದರಿಂದ ಮಹದುಪಕಾರವಾಯಿತು. ಆದರೆ ಕಡತ ಮಾತ್ರ ಆಸ್ಪತ್ರೆಯ ಕಪಾಟಿನಲ್ಲೇ ಉಳಿಯಿತು.

ಕಡತವನ್ನು ಮನೆಗೇ ಕೊಡುವ ಪ್ರಯೋಗ ಮೊದಲು ಬೇರೂರಿದ್ದು ತಾಯಿ-ಮಕ್ಕಳ ಆರೈಕೆಯಲ್ಲಿ. ಜಪಾನ್ 1948ರಲ್ಲಿ ತಾಯಿ ಮತ್ತು ಮಗುವಿನ ಆರೋಗ್ಯ ವಿವರಗಳನ್ನು ಒಂದೇ ಕಿರುಪುಸ್ತಕದಲ್ಲಿ ಬರೆದು ತಾಯಿಯ ಕೈಗೆ ಕೊಟ್ಟಿತು. ನೈಜೀರಿಯಾದ ಹಳ್ಳಿಯೊಂದರಲ್ಲಿ ಕೆಲಸ ಮಾಡಿದ ಬ್ರಿಟಿಷ್ ಮಕ್ಕಳ ವೈದ್ಯ ಡೇವಿಡ್ ಮೋರ್ಲೆ, ಮಗುವಿನ ತೂಕದ ಏರಿಳಿತ ತೋರಿಸುವ ಕಾರ್ಡನ್ನು ತಾಯಂದಿರೇ ಇಟ್ಟುಕೊಳ್ಳುವಂತೆ ಮಾಡಿದರು. ನಮ್ಮ ರಾಜ್ಯದ ಗರ್ಭಿಣಿಯರು ಆಸ್ಪತ್ರೆಗೆ ಒಯ್ಯುವ ‘ತಾಯಿ ಕಾರ್ಡ್’ ಇದೇ ವಂಶದ್ದು. ಹೆರಿಗೆಗೆ ತವರೂರಿಗೆ ಹೋದರೂ ರಕ್ತದೊತ್ತಡ, ಹಿಮೋಗ್ಲೋಬಿನ್, ಚುಚ್ಚುಮದ್ದಿನ ಲೆಕ್ಕ ಜೊತೆಯಲ್ಲೇ ಹೋಗುತ್ತದೆ.

ಕಂಪ್ಯೂಟರ್ ಬಂದ ಮೇಲೆ ಆಸೆ ದೊಡ್ಡದಾಯಿತು. ರೋಗಿಯೇ ಒಡೆಯನಾಗಿರುವ ಜೀವಮಾನದ ದಾಖಲೆಯ ಕಲ್ಪನೆಯನ್ನು 1994ರಲ್ಲಿ ಅಮೆರಿಕದ ಎಂ.ಐ.ಟಿ. ಸಂಶೋಧಕರು ‘ಗಾರ್ಡಿಯನ್ ಏಂಜೆಲ್’ ಎಂಬ ಹೆಸರಿನಲ್ಲಿ ಮುಂದಿಟ್ಟರು. 2007ರಲ್ಲಿ ಮೈಕ್ರೋಸಾಫ್ಟ್ ‘ಹೆಲ್ತ್‌ವಾಲ್ಟ್’ ತಂದಿತು, 2008ರಲ್ಲಿ ಗೂಗಲ್ ‘ಗೂಗಲ್ ಹೆಲ್ತ್’ ತಂದಿತು. ಗೂಗಲ್‌ನದು 2012ರ ಆರಂಭಕ್ಕೆ, ಮೈಕ್ರೋಸಾಫ್ಟ್‌ನದು 2019ರಲ್ಲಿ ಬಾಗಿಲು ಹಾಕಿದವು. ಹಣ, ತಂತ್ರಜ್ಞಾನ ಎರಡೂ ಇದ್ದ ಸಂಸ್ಥೆಗಳು ಸೋತದ್ದೇಕೆ? ಹೆಚ್ಚಿನ ವಿವರಗಳನ್ನು ರೋಗಿಯೇ ಕುಳಿತು ತುಂಬಬೇಕಿತ್ತು. ಆರೋಗ್ಯವಂತನಿಗೆ ಅದರ ಅಗತ್ಯ ಕಾಣಲಿಲ್ಲ, ಕಾಯಿಲೆಯವನಿಗೆ ತ್ರಾಣವಿರಲಿಲ್ಲ.

ಭಾರತ ಬೇರೆ ದಾರಿ ಹಿಡಿದಿದೆ. 2021ರ ಸೆಪ್ಟೆಂಬರಿನಲ್ಲಿ ದೇಶಾದ್ಯಂತ ಜಾರಿಗೆ ಬಂದ ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್ ಅಡಿ, ಇಷ್ಟಪಟ್ಟವರಿಗೆ ‘ಆಭಾ’ ಎಂಬ 14 ಅಂಕಿಗಳ ಸಂಖ್ಯೆ ಸಿಗುತ್ತದೆ. ಇಲ್ಲಿ ದಾಖಲೆಗಳೆಲ್ಲ ಒಂದೇ ಉಗ್ರಾಣದಲ್ಲಿ ಕೂಡಿರುವುದಿಲ್ಲ. ಆಯಾ ಆಸ್ಪತ್ರೆ, ಪ್ರಯೋಗಾಲಯದಲ್ಲೇ ಇದ್ದು, ರೋಗಿ ಮೊಬೈಲಿನಲ್ಲಿ ಒಪ್ಪಿಗೆ ಕೊಟ್ಟಾಗ ಮಾತ್ರ ಇನ್ನೊಬ್ಬ ವೈದ್ಯರಿಗೆ ಕಾಣುತ್ತವೆ.

ವ್ಯವಸ್ಥೆ ಚೆನ್ನಾಗಿದೆ, ತೊಡಕುಗಳೂ ಇವೆ. ಬೀದಿಯ ಕ್ಲಿನಿಕ್ಕು ಕೈಯಲ್ಲಿ ಬರೆದ ಚೀಟಿ ತಾನಾಗಿ ಮೊಬೈಲಿಗೆ ಬರುವುದಿಲ್ಲ. ಮನೆಮಂದಿಗೆಲ್ಲ ಒಂದೇ ಫೋನು ಇರುವಲ್ಲಿ ಒಪ್ಪಿಗೆಯ ಗುಂಡಿ ಒತ್ತುವವರು ಯಾರು? ಗಂಡನಿಗೆ ತಿಳಿಯಬಾರದ ಹೆಂಡತಿಯ ಪರೀಕ್ಷಾ ವರದಿ ಅಲ್ಲಿ ಗುಟ್ಟಾಗಿ ಉಳಿದೀತೆ? 2022ರ ನವೆಂಬರಿನಲ್ಲಿ ದೆಹಲಿಯ ಏಮ್ಸ್ ಆಸ್ಪತ್ರೆಯ ಸರ್ವರ್‌ಗಳ ಮೇಲೆ ಸೈಬರ್ ದಾಳಿ ನಡೆದು, ಸಿಬ್ಬಂದಿ ದಿನಗಟ್ಟಲೆ ಕಾಗದ-ಪೆನ್ನಿಗೆ ಮರಳಬೇಕಾಯಿತು. ವೈಯಕ್ತಿಕ ಮಾಹಿತಿಯ ರಕ್ಷಣೆಗೆಂದು 2023ರಲ್ಲಿ ಸಂಸತ್ತು ಕಾನೂನನ್ನೇನೋ ಮಾಡಿದೆ. ಆದರೆ ಸೋರಿದ ಗುಟ್ಟನ್ನು ಯಾವ ಕಾನೂನೂ ಮರಳಿ ತುಂಬಿಕೊಡಲಾರದು.

ಮೊಬೈಲ್ ಇಲ್ಲದವರಿಗೂ ಇರುವ ಹಕ್ಕೊಂದನ್ನು ಓದುಗರು ನೆನಪಿಡಬೇಕು. ಭಾರತೀಯ ವೈದ್ಯಕೀಯ ಮಂಡಳಿಯ 2002ರ ನಿಯಮಗಳ ಪ್ರಕಾರ ರೋಗಿ ತನ್ನ ದಾಖಲೆ ಕೇಳಿದರೆ 72 ಗಂಟೆಯೊಳಗೆ ಕೊಡಬೇಕು. ಒಳರೋಗಿಗಳ ದಾಖಲೆಯನ್ನು 3 ವರ್ಷ ಕಾಯ್ದಿಡಬೇಕು. ಹೀಗಾಗಿ ಬಿಡುಗಡೆಯ ದಿನವೇ ಪ್ರತಿ ಕೇಳಿ ಪಡೆಯುವುದು ಜಾಣತನ. ಆಭಾ ಸಂಖ್ಯೆ ಮಾಡಿಸಿಕೊಂಡವರೂ ಮೊಳೆಗೆ ತೂಗುಹಾಕಿದ ಚೀಲವನ್ನು ಸದ್ಯಕ್ಕೆ ಎಸೆಯದಿರುವುದೇ ಕ್ಷೇಮ.