ಮೊದಲಿನ ಥರ ಆಗ್ತಾರಾ?

ತುಂಬಾ ದಿನದಿಂದ ಬರೀಬೇಕು ಅಂದುಕೊಂಡು ಡ್ರಾಫ್ಟಿನಲ್ಲೇ ಕೂತಿದ್ದ ವಿಷಯ ಇದು. ಸ್ವಲ್ಪ ಉದ್ದ ಆಗುತ್ತೆ, ಕಾಫಿ ಲೋಟ ಪಕ್ಕದಲ್ಲಿ ಇಟ್ಟುಕೊಂಡೇ ಓದಿ.

2022ರ ಡಿಸೆಂಬರಿನ ಒಂದು ರಾತ್ರಿ. ಬೆಂಗಳೂರಿನಲ್ಲಿ ಆಫೀಸಿನಿಂದ ರೂಮಿಗೆ ಬಂದು ಇನ್ನೂ ಶೂ ಕಳಚಿರಲಿಲ್ಲ, ಅಪ್ಪನ ಫೋನು. "ನಿಮ್ಮ ಚಿಕ್ಕಪ್ಪ ರಿಂಗ್ ರೋಡಲ್ಲಿ ಗಾಡಿಯಿಂದ ಬಿದ್ದಿದ್ದಾನೆ. ತಲೆಗೆ ಪೆಟ್ಟಾಗಿದೆ. ಹೊರಟು ಬಾ."

ನಮ್ಮ ಮನೆ ಇರೋದು ಮೈಸೂರಿನ ಕೆಸರೆಯಲ್ಲಿ. ಅರಮನೆ, ಚಾಮುಂಡಿ ಬೆಟ್ಟ ನೋಡೋಕೆ ಬರುವವರು ಯಾರೂ ಇಳಿಯದ ಬಡಾವಣೆ. ಚಿಕ್ಕಪ್ಪ ಮನೆಮನೆಗೆ ವೈರಿಂಗ್ ಮಾಡುವವರು. ನಮ್ಮ ಏರಿಯಾದ ಅರ್ಧ ಮನೆಗಳ ಸ್ವಿಚ್ ಬೋರ್ಡು ಅವರ ಕೈಯಲ್ಲೇ ಆಗಿದ್ದು. ಅವತ್ತು ಹೆಲ್ಮೆಟ್ ಇರಲಿಲ್ಲವಾ ಅಂದರೆ, ಇತ್ತು. ಗಾಡಿಯ ಕನ್ನಡಿಗೆ ನೇತಾಡುತ್ತಾ ಇತ್ತು.

ನಾನು ಆಸ್ಪತ್ರೆ ತಲುಪಿದಾಗ ಬೆಳಗಿನ ಜಾವ. ಐಸಿಯು ಬಾಗಿಲಲ್ಲಿ ಚಿಕ್ಕಮ್ಮ ನಿಂತಿದ್ದರು. ಡಾಕ್ಟರು ಹೊರಗೆ ಬಂದಾಗ ಚಿಕ್ಕಮ್ಮ ಕೇಳಿದ್ದು ಒಂದೇ ಪ್ರಶ್ನೆ, "ಸಾರ್, ಇವರು ಮೊದಲಿನ ಥರ ಆಗ್ತಾರಾ?"

"ಈಗಲೇ ಹೇಳೋಕಾಗಲ್ಲಮ್ಮ. 72 ಗಂಟೆ ಕಳೀಲಿ, ನೋಡೋಣ."

ನನಗೆ ಸಿಟ್ಟು ಬಂತು. ಇಷ್ಟೆಲ್ಲಾ ಮೆಷೀನು ಇಟ್ಟುಕೊಂಡು ಹೇಳೋಕಾಗಲ್ಲ ಅಂದರೆ ಏನರ್ಥ? ಕೇಸ್ ಶೀಟಿನಲ್ಲಿ ಇಣುಕಿದೆ. ಮೇಲ್ಗಡೆ "ಇ2 ವಿ2 ಎಂ4" ಅಂತ ಬರೆದಿತ್ತು. ಸಾಫ್ಟ್‌ವೇರಿನವನ ತಲೆ ನೋಡಿ, ಆ ಹೊತ್ತಲ್ಲೂ ಇದ್ಯಾವುದೋ ವರ್ಶನ್ ನಂಬರ್ ಇರಬೇಕು ಅನ್ನಿಸಿತು!

ಆ ಮೂರು ಅಕ್ಷರದ ಹಿಂದೆ ಬಿದ್ದವನು ಇವತ್ತಿನವರೆಗೂ ಓದುತ್ತಲೇ ಇದ್ದೇನೆ. ಚಿಕ್ಕಮ್ಮನ ಪ್ರಶ್ನೆಗೆ ಉತ್ತರ ಹುಡುಕಲು ಮನುಷ್ಯ ಏನೇನು ಮಾಡಿದ ಅನ್ನೋದೇ ಒಂದು ದೊಡ್ಡ ಚರಿತ್ರೆ.

ಶುರುವಾಗೋದು ಈಜಿಪ್ಟಿನಿಂದ. 1862ರಲ್ಲಿ ಎಡ್ವಿನ್ ಸ್ಮಿತ್ ಎಂಬ ಅಮೆರಿಕನ್ ಲಕ್ಸರ್‌ನಲ್ಲಿ ಒಂದು ಪಪೈರಸ್ ಸುರುಳಿ ಕೊಂಡುಕೊಂಡ. ಸುಮಾರು 3,600 ವರ್ಷ ಹಳೆಯದು. ಬ್ರೆಸ್ಟೆಡ್ ಎಂಬ ವಿದ್ವಾಂಸರು 1930ರಲ್ಲಿ ಅದನ್ನು ಅನುವಾದಿಸಿ ಪ್ರಕಟಿಸಿದಾಗ ಗೊತ್ತಾಗಿದ್ದು, ಅದು ಗಾಯಗಳ ಚಿಕಿತ್ಸೆಯ ಪುಸ್ತಕ. ಒಟ್ಟು 48 ಕೇಸುಗಳು, ಅದರಲ್ಲಿ 27 ತಲೆಪೆಟ್ಟಿನವು. ಪ್ರತಿ ಕೇಸಿನಲ್ಲೂ ಪರೀಕ್ಷೆ ಮುಗಿದ ಮೇಲೆ ವೈದ್ಯ ಮೂರರಲ್ಲಿ ಒಂದು ತೀರ್ಪು ಕೊಡಬೇಕು: ಇದಕ್ಕೆ ಚಿಕಿತ್ಸೆ ಮಾಡುತ್ತೇನೆ, ಇದರ ಜೊತೆ ಹೋರಾಡಿ ನೋಡುತ್ತೇನೆ, ಇದು ಚಿಕಿತ್ಸೆ ಮಾಡುವಂಥದ್ದಲ್ಲ. ಅಂದರೆ ಐಸಿಯು ಬಾಗಿಲಲ್ಲಿ ನಿಂತು ಕೇಳುವ ಪ್ರಶ್ನೆಗೆ ವೈದ್ಯರು ಆಗಲೇ ಉತ್ತರ ಹುಡುಕುತ್ತಿದ್ದರು.

ಅಲ್ಲಿಂದ ಮುಂದೆ ಎಷ್ಟೋ ಶತಮಾನ ವೈದ್ಯರ ಬಳಿ ಇದ್ದದ್ದು ಕಣ್ಣು, ಕೈ, ಅನುಭವ ಅಷ್ಟೇ. ಒಬ್ಬರು "ಅರೆಪ್ರಜ್ಞೆ" ಅಂದದ್ದನ್ನು ಇನ್ನೊಬ್ಬರು "ಮಂಪರು" ಅನ್ನುತ್ತಿದ್ದರು. ಒಬ್ಬರ ಅನುಭವವನ್ನು ಇನ್ನೊಬ್ಬರ ಅನುಭವದ ಜೊತೆ ಕೂಡಿಸಿ ಲೆಕ್ಕ ಹಾಕಲು ದಾರಿಯೇ ಇರಲಿಲ್ಲ. ನಮ್ಮ ಭಾಷೆಯಲ್ಲಿ ಹೇಳೋದಾದರೆ, ಡೇಟಾ ಇತ್ತು, ಫಾರ್ಮ್ಯಾಟ್ ಇರಲಿಲ್ಲ.

ಆ ಫಾರ್ಮ್ಯಾಟ್ ಕೊಟ್ಟವರು ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದ ಗ್ರಹಾಂ ಟೀಸ್‌ಡೇಲ್ ಮತ್ತು ಬ್ರಯನ್ ಜೆನೆಟ್. 1974ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಬಂದ ಅವರ ಗ್ಲಾಸ್ಗೋ ಕೋಮಾ ಸ್ಕೇಲ್ ತುಂಬಾ ಸರಳ. ಕಣ್ಣು ತೆರೀತಾರಾ, ಮಾತಾಡ್ತಾರಾ, ಕೈಕಾಲು ಆಡಿಸ್ತಾರಾ ಅನ್ನೋದು ಮೂರೇ ಪ್ರಶ್ನೆ. ಈಗ ಬಳಕೆಯಲ್ಲಿರುವ ರೂಪದಲ್ಲಿ ಕಣ್ಣಿಗೆ 4, ಮಾತಿಗೆ 5, ಚಲನೆಗೆ 6, ಒಟ್ಟು 15 ಅಂಕ. ತೀರಾ ಕಮ್ಮಿ ಅಂದರೆ 3, ಸೊನ್ನೆ ಇಲ್ಲವೇ ಇಲ್ಲ. 8 ಅಥವಾ ಅದಕ್ಕಿಂತ ಕಮ್ಮಿ ಬಂದರೆ ಪೆಟ್ಟು ತೀವ್ರ ಅಂತ ಲೆಕ್ಕ. ನಮ್ಮ ಚಿಕ್ಕಪ್ಪನ ಇ2 ವಿ2 ಎಂ4 ಕೂಡಿಸಿ ನೋಡಿ, ಸರಿಯಾಗಿ 8. ಮರುದಿನ ಬಾಯಲ್ಲಿ ಟ್ಯೂಬ್ ಇದ್ದಿದ್ದರಿಂದ ಮಾತಿನ ಜಾಗದಲ್ಲಿ ಅಂಕದ ಬದಲು 'ಟಿ' ಅಂತ ಬರೆದಿದ್ದರು. ಪ್ರೋಗ್ರಾಮಿನಲ್ಲಿ ನಲ್ ವ್ಯಾಲ್ಯೂ ಬಂದ ಹಾಗೆ :)

ಅದೇ 1974ರ ಡಿಸೆಂಬರಿನಲ್ಲಿ ನಮ್ಮ ಬೆಂಗಳೂರಿನಲ್ಲೂ ಒಂದು ದೊಡ್ಡ ಕೆಲಸ ಆಯಿತು. ಹಳೆಯ ಮೈಸೂರು ಸರ್ಕಾರದ ಮಾನಸಿಕ ಆಸ್ಪತ್ರೆಯನ್ನೂ 1954ರಲ್ಲಿ ಶುರುವಾಗಿದ್ದ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯನ್ನೂ ಸೇರಿಸಿ ನಿಮ್ಹಾನ್ಸ್ ಆಯಿತು. ನರಶಸ್ತ್ರತಜ್ಞ ಡಾ. ಆರ್. ಎಂ. ವರ್ಮ ಮೊದಲ ನಿರ್ದೇಶಕರು. ತಲೆಪೆಟ್ಟು ಅಂದರೆ "ನಿಮ್ಹಾನ್ಸ್‌ಗೆ ಕರ್ಕೊಂಡು ಹೋಗಿ" ಅನ್ನೋದು ಈಗ ನಮ್ಮ ಕಡೆ ಗಾದೆಯ ಥರ ಆಗಿಬಿಟ್ಟಿದೆ. ಅಲ್ಲಿನ ಡಾ. ಜಿ. ಗುರುರಾಜ್ ಮತ್ತವರ ತಂಡ ಬೆಂಗಳೂರಿನಲ್ಲಿ ತಲೆಪೆಟ್ಟು ಯಾರಿಗೆ, ಹೇಗೆ ಆಗುತ್ತೆ ಅಂತ ವರ್ಷಗಟ್ಟಲೆ ಲೆಕ್ಕ ಇಟ್ಟರು. ಅದರಲ್ಲಿ ಎದ್ದು ಕಂಡವರು ದ್ವಿಚಕ್ರ ವಾಹನದವರು. ನಮ್ಮ ಚಿಕ್ಕಪ್ಪನಂಥವರು.

ಗ್ಲಾಸ್ಗೋದವರು ಅಲ್ಲಿಗೇ ನಿಲ್ಲಲಿಲ್ಲ. 1975ರಲ್ಲಿ ಜೆನೆಟ್ ಮತ್ತು ಬಾಂಡ್ ಸೇರಿ ಚೇತರಿಕೆಯನ್ನೂ ಐದು ಮೆಟ್ಟಿಲಾಗಿ ವಿಂಗಡಿಸಿದರು: ಸಾವು, ಪ್ರಜ್ಞೆಯಿಲ್ಲದೆ ಬರೀ ಉಸಿರಾಡುವ ಸ್ಥಿತಿ, ತೀವ್ರ ಅಂಗವೈಕಲ್ಯ, ಮಧ್ಯಮ ಅಂಗವೈಕಲ್ಯ, ಒಳ್ಳೆಯ ಚೇತರಿಕೆ. ಹೀಗೆ ಇನ್‌ಪುಟ್ಟೂ ಸಿಕ್ಕಿತು, ಔಟ್‌ಪುಟ್ಟೂ ಸಿಕ್ಕಿತು. 1976ರಲ್ಲಿ ಇವೆರಡನ್ನೂ ಹೊಂದಿಸಿ, ಒಬ್ಬೊಬ್ಬ ರೋಗಿಯ ಮುಂದಿನ ಗತಿ ಏನು ಅಂತ ಲೆಕ್ಕ ಹಾಕುವ ಪ್ರಯತ್ನ ಪ್ರಕಟವಾಯಿತು. ಈ ನಡುವೆ ಗಾಡ್‌ಫ್ರೆ ಹೌನ್ಸ್‌ಫೀಲ್ಡ್ ಅವರ ಸಿಟಿ ಸ್ಕ್ಯಾನ್ ಕೂಡ ಬಂದಿತ್ತು. 1971ರ ಅಕ್ಟೋಬರ್ 1ರಂದು ಲಂಡನ್ನಿನಲ್ಲಿ ಮೊದಲ ರೋಗಿಯ ತಲೆಯೊಳಗಿನ ಚಿತ್ರ ಸಿಕ್ಕಿತು. ಬುರುಡೆ ತೆರೆಯದೆ ರಕ್ತ ಹೆಪ್ಪುಗಟ್ಟಿರೋದನ್ನು ನೋಡಬಹುದಾಯಿತು.

ಈಗ ನಮ್ಮ ಐಸಿಯು ಕಾರಿಡಾರಿಗೆ ವಾಪಸ್ ಬರೋಣ. ಎರಡನೇ ರಾತ್ರಿ ನಿದ್ದೆ ಬರದೆ ಮೊಬೈಲಿನಲ್ಲಿ ಹುಡುಕುತ್ತಾ ಒಂದು ಲೆಕ್ಕಯಂತ್ರ ಸಿಕ್ಕಿತು. ಹೆಸರು ಕ್ರ್ಯಾಶ್ (ನಮ್ಮ ಕ್ರ್ಯಾಶ್ ಬೇರೆ, ಇದು ಬೇರೆ). ತಲೆಪೆಟ್ಟಿಗೆ ಸ್ಟಿರಾಯ್ಡ್ ಕೊಡೋದು ಒಳ್ಳೇದಾ ಅಂತ 10,008 ಜನರ ಮೇಲೆ ನಡೆದ ದೊಡ್ಡ ಅಧ್ಯಯನ ಅದು. 2004ರಲ್ಲಿ ಫಲಿತಾಂಶ ಬಂದಾಗ ಎಲ್ಲರೂ ಬೆಚ್ಚಿಬಿದ್ದರು. ಎರಡು ವಾರದೊಳಗೆ ತೀರಿಕೊಂಡವರು ಸ್ಟಿರಾಯ್ಡ್ ಪಡೆದವರಲ್ಲಿ ನೂರಕ್ಕೆ 21, ಪಡೆಯದವರಲ್ಲಿ ನೂರಕ್ಕೆ 18! ದಶಕಗಳಿಂದ ಒಳ್ಳೇದು ಅಂತ ಕೊಡುತ್ತಿದ್ದ ಔಷಧಿ. ಅದೇ ರೋಗಿಗಳ ಮಾಹಿತಿಯಿಂದ 2008ರಲ್ಲಿ ಭವಿಷ್ಯ ಅಂದಾಜಿಸುವ ಸೂತ್ರ ಮಾಡಿದರು. ವಯಸ್ಸು, ಕೋಮಾ ಸ್ಕೋರು, ಕಣ್ಣಿನ ಪಾಪೆ ಬೆಳಕಿಗೆ ಕುಗ್ಗುತ್ತಾ, ಮೈಯಲ್ಲಿ ಬೇರೆ ದೊಡ್ಡ ಗಾಯ ಇದೆಯಾ... ಮತ್ತೆ ದೇಶ.

ಹೌದು, ದೇಶ. ಶ್ರೀಮಂತ ದೇಶಗಳಿಗೆ ಒಂದು ಸೂತ್ರ, ನಮ್ಮಂಥವಕ್ಕೆ ಇನ್ನೊಂದು. ಚಿಕ್ಕಪ್ಪನ ವಿವರ ತುಂಬಿ ನೋಡಿದೆ. ಆಮೇಲೆ ದೇಶ ಒಂದನ್ನು ಬದಲಾಯಿಸಿ ನೋಡಿದೆ. ಅದೇ ತಲೆ, ಅದೇ ಪೆಟ್ಟು, ಅದೇ 8. ಸಾವಿನ ಸಂಭವ ಮಾತ್ರ ಇಳಿದುಬಿಟ್ಟಿತು! ಮೊಬೈಲ್ ಜೇಬಿಗೆ ಹಾಕಿಕೊಂಡು ಹೊರಗೆ ಹೋಗಿ ನಿಂತೆ. ಆ ನಂಬರ್ ಏನಿತ್ತು ಅಂತ ಇವತ್ತಿಗೂ ಮನೆಯಲ್ಲಿ ಹೇಳಿಲ್ಲ.

ದೇಶ ಕೇಳದೆ, ನೇರವಾಗಿ ಮೆದುಳನ್ನೇ ಕೇಳುವ ದಾರಿ ಇಲ್ಲವಾ? ಇಲ್ಲಿಗೆ ಬರುತ್ತೆ ಬಯೋಮಾರ್ಕರ್ ಕಥೆ. ಸರ್ವರ್ ಬಿದ್ದಾಗ ನಾವು ಲಾಗ್ ಫೈಲ್ ನೋಡುತ್ತೇವಲ್ಲ, ಹಾಗೆ. ಮೆದುಳಿನ ಕೋಶಗಳು ಒಡೆದಾಗ ಅವುಗಳೊಳಗಿನ ಪ್ರೋಟೀನುಗಳು ಸೋರಿ ರಕ್ತಕ್ಕೆ ಸೇರುತ್ತವೆ. ಅದನ್ನು ಅಳೆದರೆ ಒಳಗೆ ಎಷ್ಟು ಹಾನಿಯಾಗಿದೆ ಅಂತ ಅಂದಾಜು ಸಿಗಬಹುದು.

ಈ ಪ್ರೋಟೀನುಗಳಲ್ಲಿ ಹಳೆಯದು ಎಸ್100. 1965ರಲ್ಲಿ ಬ್ಲೇಕ್ ಮೂರ್ ಕಂಡುಹಿಡಿದದ್ದು. 100 ಶೇಕಡಾ ಅಮೋನಿಯಂ ಸಲ್ಫೇಟ್ ದ್ರಾವಣದಲ್ಲೂ ಕರಗಿಯೇ ಇರುತ್ತೆ ಅಂತ ಆ ಹೆಸರು. ಅದರ ಬಿ ರೂಪದ ಮೇಲೆ ತುಂಬಾ ಆಸೆ ಇತ್ತು. ಆದರೆ ಅದು ಮೆದುಳಿನಲ್ಲಷ್ಟೇ ಅಲ್ಲ, ಕೊಬ್ಬಿನಲ್ಲೂ ಚರ್ಮದಲ್ಲೂ ಇದೆ. ಮೂಳೆ ಮುರಿದರೂ ಏರುತ್ತೆ, ಮ್ಯಾರಥಾನ್ ಓಡಿದರೂ ಏರುತ್ತೆ. ಗಾಡಿಯಿಂದ ಬಿದ್ದವನಿಗೆ ತಲೆಗಷ್ಟೇ ಪೆಟ್ಟಾಗಿರುತ್ತಾ?

ಆಮೇಲೆ ಬಂದವು ಜಿಎಫ್‌ಎಪಿ ಮತ್ತು ಯುಸಿಎಚ್-ಎಲ್1. ಮೊದಲನೆಯದು ನರಕೋಶಗಳಿಗೆ ಆಸರೆಯಾಗಿರುವ ಆಸ್ಟ್ರೊಸೈಟ್ ಕೋಶಗಳ ಅಸ್ಥಿಪಂಜರ ಇದ್ದ ಹಾಗೆ. ಎರಡನೆಯದು ನರಕೋಶದೊಳಗಿನ ಒಂದು ಕಿಣ್ವ. ಇವೆರಡನ್ನೂ ಅಳೆಯುವ ರಕ್ತಪರೀಕ್ಷೆಗೆ 2018ರ ಫೆಬ್ರವರಿಯಲ್ಲಿ ಅಮೆರಿಕದ ಎಫ್‌ಡಿಎ ಒಪ್ಪಿಗೆ ಕೊಟ್ಟಿತು. 2024ರ ಏಪ್ರಿಲ್‌ನಲ್ಲಿ ಹಾಸಿಗೆ ಪಕ್ಕದಲ್ಲೇ 15 ನಿಮಿಷದಲ್ಲಿ ಉತ್ತರ ಕೊಡುವ ಪರೀಕ್ಷೆಗೂ ಒಪ್ಪಿಗೆ ಸಿಕ್ಕಿತು. ಆದರೆ ಗಮನಿಸಿ, ಇವು ಉತ್ತರಿಸೋದು ಚಿಕ್ಕಮ್ಮನ ಪ್ರಶ್ನೆಗಲ್ಲ. ಪೆಟ್ಟು ಸಣ್ಣದಿದ್ದಾಗ ಸಿಟಿ ಸ್ಕ್ಯಾನ್ ಬೇಕಾ ಬೇಡವಾ ಅನ್ನೋದಕ್ಕೆ ಅಷ್ಟೇ.

ಚಿಕ್ಕಮ್ಮನ ಪ್ರಶ್ನೆಗೆ ಹತ್ತಿರ ಬಂದದ್ದು ಅಮೆರಿಕದ ಟ್ರ್ಯಾಕ್-ಟಿಬಿಐ ಅಧ್ಯಯನ. 1,696 ಜನರಿಂದ ಪೆಟ್ಟಾದ ದಿನವೇ ತೆಗೆದ ರಕ್ತವನ್ನೂ ಆರು ತಿಂಗಳ ನಂತರದ ಅವರ ಸ್ಥಿತಿಯನ್ನೂ ಹೋಲಿಸಿ 2022ರಲ್ಲಿ ಪ್ರಕಟಿಸಿದರು. ಉಳಿದ ಒಬ್ಬರ, ಉಳಿಯದ ಒಬ್ಬರ ರಕ್ತ ಪಕ್ಕಪಕ್ಕ ಇಟ್ಟರೆ ಯಾರದು ಯಾವುದು ಅಂತ ಜಿಎಫ್‌ಎಪಿ ನೂರಕ್ಕೆ 87 ಸಲ ಸರಿಯಾಗಿ ಹೇಳುತ್ತೆ. ಭೇಷ್ ಅಲ್ವಾ? ಆದರೆ ಪೂರ್ತಿ ಚೇತರಿಸಿಕೊಂಡವರು ಯಾರು, ಕೊಳ್ಳದವರು ಯಾರು ಅಂತ ಕೇಳಿದರೆ ನೂರಕ್ಕೆ 62. ನಾಣ್ಯ ಚಿಮ್ಮಿದರೂ 50 ಬರುತ್ತೆ!

ನನಗೆ ಈ ಇಡೀ ಚರಿತ್ರೆಯಲ್ಲಿ ಮುಖ್ಯ ಅನ್ನಿಸಿದ್ದು ಈ ಎರಡು ನಂಬರ್‌ಗಳ ನಡುವಿನ ಅಂತರ. ರಕ್ತ ಎಷ್ಟು ಒಡೆದಿದೆ ಅಂತ ಹೇಳುತ್ತೆ. ಎಷ್ಟು ಕೂಡಿಕೊಳ್ಳುತ್ತೆ ಅನ್ನೋದು ಆ ದಿನದ ರಕ್ತದಲ್ಲಿ ಪೂರ್ತಿ ಬರೆದಿಲ್ಲ. "ಬದುಕ್ತಾರಾ" ಮತ್ತು "ಮೊದಲಿನ ಥರ ಆಗ್ತಾರಾ" ಬೇರೆ ಬೇರೆ ಪ್ರಶ್ನೆಗಳು.

ನಂಬರ್ ಕೈಗೆ ಸಿಕ್ಕರೆ ಇನ್ನೊಂದು ಅಪಾಯವೂ ಇದೆ. 1993ರಲ್ಲಿ ಟೀಸ್‌ಡೇಲ್ ಅವರೂ ಇದ್ದ ತಂಡ ಒಂದು ಅಧ್ಯಯನ ಪ್ರಕಟಿಸಿತು. ಕಂಪ್ಯೂಟರ್ ಭವಿಷ್ಯವನ್ನು ವೈದ್ಯರ ಕೈಗೆ ಕೊಟ್ಟಾಗ, ತೀರಾ ಕೆಟ್ಟ ಭವಿಷ್ಯ ಬಂದವರಿಗೆ ಕೊಡುವ ತೀವ್ರ ಚಿಕಿತ್ಸೆ ಕಮ್ಮಿಯಾಗಿತ್ತು. ಉಳಿಯಲ್ಲ ಅಂತ ಬಂತು, ಹಾಗಾಗಿ ಕೈ ಬಿಟ್ಟರು, ಹಾಗಾಗಿ ಉಳಿಯಲಿಲ್ಲ ಅಂತಾದರೆ ಆ ಭವಿಷ್ಯ ನಿಜವಾಗಿತ್ತಾ ಅಂತ ಪರೀಕ್ಷಿಸೋದು ಹೇಗೆ? ತನ್ನನ್ನು ತಾನೇ ಪಾಸ್ ಮಾಡಿಕೊಳ್ಳುವ ಟೆಸ್ಟ್ ಕೇಸ್ ಅದು. ಹಾಗಂತ ಇದೆಲ್ಲ ಬೇಡ ಅಂತಲ್ಲ. 2025ರಲ್ಲಿ ತಜ್ಞರು ತಲೆಪೆಟ್ಟನ್ನು ವಿಂಗಡಿಸಲು ಹೊಸ ಚೌಕಟ್ಟು ಮುಂದಿಟ್ಟಿದ್ದಾರೆ. ಅದರಲ್ಲಿ ಕೋಮಾ ಸ್ಕೋರು, ರಕ್ತದ ಸೂಚಕ, ಸ್ಕ್ಯಾನ್ ಜೊತೆಗೆ ರೋಗಿಯ ಹಿನ್ನೆಲೆ, ಪರಿಸರಕ್ಕೂ ಒಂದು ಕಾಲಂ ಇದೆ. ಕಡೆಗೂ ಮನೆಯ ವಿಷಯ ಕೇಳಿದರಲ್ಲ!

ಆ ಕಾಲಂನಲ್ಲಿ ನಮ್ಮ ಮನೆಯದು ತುಂಬಿದರೆ ಹೀಗಿರುತ್ತೆ. ಚಿಕ್ಕಪ್ಪ ಹನ್ನೊಂದನೇ ದಿನ ಕಣ್ಣು ಬಿಟ್ಟರು. ಎರಡನೇ ತಿಂಗಳಲ್ಲಿ ಗೋಡೆ ಹಿಡಿದು ನಡೆದರು. ಚಿಕ್ಕಮ್ಮ ದಿನಾ ಬೆಳಿಗ್ಗೆ ವೈರಿನ ತುಂಡುಗಳನ್ನು ಮುಂದೆ ಹರಡಿ "ಇದ್ಯಾವ ಬಣ್ಣ ಹೇಳಿ" ಅಂತ ಕೂರುತ್ತಿದ್ದರು. ಆರು ತಿಂಗಳು ಆಸುಪಾಸಿಗೆ ಅಷ್ಟೂ ಬಣ್ಣ ವಾಪಸ್ ಬಂದವು. ಏಣಿ ಹತ್ತೋಕೆ ಇವತ್ತಿಗೂ ಆಗಲ್ಲ. ಎಷ್ಟೋ ಸಲ ನನ್ನನ್ನು ಅಪ್ಪನ ಹೆಸರಿನಿಂದ ಕರೆಯುತ್ತಾರೆ. ಸಿಟ್ಟು ಜಾಸ್ತಿ. ಗ್ಲಾಸ್ಗೋದವರ ಪ್ರಕಾರ ಇದು "ಮಧ್ಯಮ ಅಂಗವೈಕಲ್ಯ". ಚಿಕ್ಕಮ್ಮನ ಸ್ಕೇಲ್ ಬೇರೆ: "ಉಪ್ಪು ಜಾಸ್ತಿ ಅಂತ ಬೈತಾರೆ ಅಂದ್ರೆ ಹುಷಾರಾಗಿದ್ದಾರೆ ಅಂತ ಕಣೋ."

ನಿಮ್ಹಾನ್ಸ್‌ನಲ್ಲಿ 1995ರಲ್ಲಿ ಡಾ. ಎಸ್. ಕೆ. ಶಂಕರ್ ಶುರುಮಾಡಿದ ಮೆದುಳು ಬ್ಯಾಂಕ್ ಇದೆ. ಅಲ್ಲಿನ ಮ್ಯೂಸಿಯಮ್ಮಿನಲ್ಲಿ ಕಳೆದ ವರ್ಷ ಮನುಷ್ಯನ ಮೆದುಳೊಂದನ್ನು ಕೈಯಲ್ಲಿ ಹಿಡಿದು ನೋಡಿದೆ. ಅಪಘಾತದಲ್ಲಿ ತೀರಿಕೊಂಡವರ ಮನೆಯವರು ಆ ದುಃಖದಲ್ಲೂ ಒಪ್ಪಿ ಕೊಟ್ಟ ಮೆದುಳುಗಳು ಆ ಬ್ಯಾಂಕಿನಲ್ಲಿ ಅನೇಕ ಇವೆ. ಅವರೂ ಯಾವುದೋ ಐಸಿಯು ಬಾಗಿಲಲ್ಲಿ ಇದೇ ಪ್ರಶ್ನೆ ಕೇಳಿರುತ್ತಾರೆ. ಅವರಿಗೆ ಸಿಕ್ಕ ಉತ್ತರದ ಮೇಲೇ ಮುಂದಿನವರಿಗೆ ಉತ್ತರ ಹುಡುಕುತ್ತಿದ್ದಾರೆ.

ಅವತ್ತು "ಹೇಳೋಕಾಗಲ್ಲಮ್ಮ" ಅಂದ ಡಾಕ್ಟರ ಮೇಲೆ ಈಗ ನನಗೆ ಸಿಟ್ಟಿಲ್ಲ. ಗೊತ್ತಿದ್ದಷ್ಟನ್ನೇ ಹೇಳಿದರು. 3,600 ವರ್ಷದ ಹಿಂದಿನ ಆ ಎರಡನೇ ತೀರ್ಪು ಇದೆಯಲ್ಲ, ಹೋರಾಡಿ ನೋಡುತ್ತೇನೆ ಅನ್ನೋದು, ಅವರು ಹೇಳಿದ್ದು ಅದನ್ನೇ.

ನಿಮ್ಮ ಮನೆಯಲ್ಲೂ ಇಂಥದ್ದು ನಡೆದಿದ್ದರೆ ಬರೀರಿ. ಮತ್ತೆ, ಹೆಲ್ಮೆಟ್ ಇರೋದು ತಲೆಗೆ, ಕನ್ನಡಿಗಲ್ಲ. ಬಕಲ್ ಹಾಕ್ಕೊಳ್ಳಿ, ಪ್ಲೀಸ್.