ದೂರದ ಆಪ್ತರು

ಮನಸ್ಸಿನ ಬೇಗೆಯನ್ನು ಇನ್ನೊಬ್ಬರಲ್ಲಿ ತೋಡಿಕೊಂಡು ದಾರಿ ಕಂಡುಕೊಳ್ಳುವ ಕ್ರಮಕ್ಕೆ ಕನ್ನಡದಲ್ಲಿ ‘ಆಪ್ತಸಮಾಲೋಚನೆ’ ಎಂಬ ಹೆಸರು ಬಳಕೆಗೆ ಬಂದಿರುವುದು ಎಷ್ಟು ಸಮಂಜಸವೋ, ಆ ಸಮಾಲೋಚನೆಯು ಎಂದೂ ಮುಖ ಕಾಣದ ಅಪರಿಚಿತರೊಡನೆ ನಡೆಯತೊಡಗಿದ ಮೇಲೆ ‘ಆಪ್ತ’ ಶಬ್ದಕ್ಕೆ ಯಾವ ಅರ್ಥ ಉಳಿಯಿತೆಂಬ ಪ್ರಶ್ನೆಯೂ ಅಷ್ಟೇ ಸಹಜವಾದುದು. ನಮ್ಮ ತಾರ್ಕಿಕರು ಆಪ್ತನೆಂದರೆ ನೆಂಟನೆಂದಾಗಲಿ ನೆರೆಯವನೆಂದಾಗಲಿ ಹೇಳಲಿಲ್ಲ, ಯಥಾರ್ಥವನ್ನು ನುಡಿಯುವವನೆಂದರು. ಈ ಕ್ಷೇತ್ರವು ಬೆಳೆದು ಬಂದ ಬಗೆಯನ್ನು ನೋಡಿದರೆ ಅವರ ಲಕ್ಷಣವೇ ಸರಿಯೆಂದು ತೋರುತ್ತದೆ.

ವ್ಯಸನಕ್ಕೂ ದೂರವಾಣಿಗೂ ಇರುವ ನಂಟು ಹಳೆಯದು. 1935ರ ಮೇ ತಿಂಗಳಲ್ಲಿ ಅಮೆರಿಕದ ಆಕ್ರನ್ ಪಟ್ಟಣದ ಹೋಟೆಲೊಂದರಲ್ಲಿ, ವ್ಯವಹಾರ ಕೈಗೂಡದೆ ಕುಗ್ಗಿ, ಕೆಲವೇ ತಿಂಗಳ ಹಿಂದೆ ಬಿಟ್ಟಿದ್ದ ಕುಡಿತವು ಮತ್ತೆ ಕೈಬೀಸಿ ಕರೆಯುತ್ತಿರಲು, ಬಿಲ್ ವಿಲ್ಸನ್ ಎಂಬಾತನು ಪಾನಶಾಲೆಯ ಕಡೆಗೆ ನಡೆಯದೆ ದೂರವಾಣಿಯ ಕಡೆಗೆ ನಡೆದು, ತನ್ನಂತೆಯೇ ನರಳುವ ಇನ್ನೊಬ್ಬನನ್ನು ತೋರಿಸಿಕೊಡಿರೆಂದು ಊರಿನ ಪಾದ್ರಿಗಳನ್ನು ಬೇಡಿದನು. ಹಾಗೆ ದೊರೆತ ರಾಬರ್ಟ್ ಸ್ಮಿತ್ ಎಂಬ ಶಸ್ತ್ರವೈದ್ಯನೊಡನೆ ಕೂಡಿ ಕಟ್ಟಿದ ಕೂಟವೇ ಆಲ್ಕೊಹಾಲಿಕ್ಸ್ ಅನಾನಿಮಸ್. 1953ರಲ್ಲಿ ಲಂಡನ್ನಿನ ಚಾಡ್ ವಾರಾ ಎಂಬ ಪಾದ್ರಿ, ಬದುಕು ಬೇಡವಾದವರಿಗೆಂದು ತನ್ನ ಇಗರ್ಜಿಯಲ್ಲಿ ಒಂದು ದೂರವಾಣಿಯನ್ನಿಟ್ಟನು. ‘ಸಮಾರಿಟನ್ಸ್’ ಸಂಸ್ಥೆಯ ಮೂಲ ಅದೇ. ತನಗಾಗಿ ಕಾದವರಿಗೆ ಚಹಾ ಕೊಟ್ಟು ಮಾತನಾಡಿಸುತ್ತಿರಲೆಂದು ಆತ ಕೆಲವರು ಸ್ವಯಂಸೇವಕರನ್ನು ಕೂರಿಸಿದ್ದನಷ್ಟೆ; ಆ ಮಾತಿನಿಂದಲೇ ಎದೆ ಹಗುರಾಗಿ ಅನೇಕರು ಪಾದ್ರಿಯನ್ನು ಕಾಣದೆಯೇ ಎದ್ದುಹೋಗುತ್ತಿದ್ದುದನ್ನು ಗಮನಿಸಿ, ಮರುವರ್ಷ ಆಲಿಸುವ ಕೆಲಸವನ್ನು ಅವರಿಗೇ ಒಪ್ಪಿಸಿದನು. ಬಲ್ಲವನೊಬ್ಬನು ತನ್ನ ನಾಲಗೆಗಿಂತ ಅನ್ಯರ ಕಿವಿ ಹೆಚ್ಚಿನದೆಂದು ಒಪ್ಪುವುದು ಯಾವ ಕ್ಷೇತ್ರದಲ್ಲಿಯೂ ವಿರಳ.

ಬಳಿಕ ಯಂತ್ರಗಳು ಬಂದುವು. ನೆಬ್ರಾಸ್ಕದ ಮನೋವೈದ್ಯರು 1959ರಲ್ಲಿಯೇ ದೂರದರ್ಶನದ ತೆರೆಯ ಮೂಲಕ ಗುಂಪುಚಿಕಿತ್ಸೆಯನ್ನು ನಡೆಸಿದರು. 1994ರಲ್ಲಿ ಸಮಾರಿಟನ್ನರು ಇ-ಮೇಲ್‌ಗೆ ಉತ್ತರ ಬರೆಯತೊಡಗಿದರು. 2001ರಲ್ಲಿ ಕ್ಯಾನ್‌ಬೆರಾದಿಂದ ‘ಮೂಡ್‌ಜಿಮ್’ ಎಂಬ, ಖಿನ್ನತೆಯನ್ನು ತಾನೇ ಪಳಗಿಸಿಕೊಳ್ಳುವ ಪಾಠಕ್ರಮವು ಅಂತರ್ಜಾಲಕ್ಕೆ ಬಂದಿತು. ಇವುಗಳ ನಡುವೆ, 1966ರಲ್ಲಿ ಗಣಕವಿಜ್ಞಾನಿ ಜೋಸೆಫ್ ವೈಜನ್‌ಬಾಮ್ ಪ್ರಕಟಿಸಿದ ‘ಎಲೈಜಾ’ ಹೇಳಿದ ಮಾತನ್ನೇ ಪ್ರಶ್ನೆಯಾಗಿ ತಿರುಗಿಸುವ ಗಣಕದ ಚಮತ್ಕಾರವಷ್ಟೇ ಆಗಿದ್ದರೂ, ಅದರೊಡನೆ ಏಕಾಂತ ಬೇಕೆಂದು ಅವನ ಕಾರ್ಯದರ್ಶಿನಿಯೇ ಅವನನ್ನು ಕೋಣೆಯಿಂದ ಹೊರಗೆ ಕಳುಹಿದಳಂತೆ! ಯಥಾರ್ಥವಾವುದೆಂದೇ ತಿಳಿಯದ ಯಂತ್ರವು ಆಪ್ತವೆನಿಸಿಕೊಂಡುದನ್ನು ಕಂಡು ಗಾಬರಿಯಾದವನು ಅದನ್ನು ಮಾಡಿದವನೇ. ಮಾತಾಡುವ ಗಣಕಗಳ ಈಗಿನ ಸಂಭ್ರಮದಲ್ಲಿ ಆ ಗಾಬರಿಯನ್ನು ಮರೆತಿದ್ದೇವೆ.

ಕನ್ನಡದಲ್ಲಿ ದೂರದಿಂದ ಧೈರ್ಯ ಹೇಳುವ ಕೆಲಸವನ್ನು ಮೊದಮೊದಲು ಮುದ್ರಿತ ಅಕ್ಷರವೇ ಹೊತ್ತಿತು. ‘ಕೊರವಂಜಿ’ ಹಾಸ್ಯಪತ್ರಿಕೆಯ ರಾಶಿ, ಅಂದರೆ ಡಾ. ಎಂ. ಶಿವರಾಂ ಅವರು, ‘ಮನಮಂಥನ’ವೆಂಬ ಮನೋವೈದ್ಯಕೀಯ ಕೃತಿಯನ್ನು ಬರೆದು 1976ರಲ್ಲಿ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿಯನ್ನು ಪಡೆದರು, ಬೆಂಗಳೂರಿನ ಮಾನಸಿಕ ಆರೋಗ್ಯ ಸಂಸ್ಥೆಯಾದ ನಿಮ್ಹಾನ್ಸ್‌ನ ಡಾ. ಸಿ. ಆರ್. ಚಂದ್ರಶೇಖರ್ ಅವರು ಮನೋರೋಗಗಳನ್ನು ಕುರಿತು ತಿಳಿಗನ್ನಡದಲ್ಲಿ ದಶಕಗಳ ಕಾಲ ಬರೆದರು. ಆದರೆ ಅಕ್ಷರದ ಅಳವಿಗೆ ಮಿತಿಯುಂಟು: 2015–16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ, ಮದ್ಯಪಾನದ ತೊಂದರೆಗೆ ಒಳಗಾದವರಲ್ಲಿ ನೂರಕ್ಕೆ 86 ಮಂದಿಗೆ ಚಿಕಿತ್ಸೆಯೇ ದೊರೆತಿರಲಿಲ್ಲ. 2020ರ ಮಾರ್ಚಿನಲ್ಲಿ ದೂರವೈದ್ಯಕ್ಕೆ ಕೇಂದ್ರ ಸರ್ಕಾರದ ನಿಯಮಾವಳಿಯೂ, ಲಾಕ್‌ಡೌನಿನ ಕಾಲದಲ್ಲಿ ನಿಮ್ಹಾನ್ಸ್‌ನ ಸಹಾಯವಾಣಿಯೂ ಬಂದುವು. 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ-ಮಾನಸ್ ಎಂಬ ದೂರವಾಣಿ ಸಮಾಲೋಚನೆಯ ಸೇವೆಗೆ ಬೆಂಗಳೂರೇ ಕೇಂದ್ರಸ್ಥಾನ. 14416ಕ್ಕೆ ಕರೆಮಾಡಿದವನು ಕನ್ನಡದಲ್ಲಿಯೇ ಮಾತನಾಡಬಹುದು. ನನ್ನ ಎಣಿಕೆಯಲ್ಲಿ ಈ ಸೇವೆಯ ನಿಜವಾದ ಬೆಲೆ ಅದರ ತಂತ್ರಜ್ಞಾನದಲ್ಲಿಲ್ಲ, ಇಲ್ಲಿದೆ; ಏಕೆಂದರೆ ‘ಡಿಪ್ರೆಶನ್’ ಎಂದು ಹೇಳಲರಿಯದವನೂ ‘ಯಾಕೋ ಏನೂ ಬೇಡ ಅನ್ನಿಸುತ್ತೆ, ನಿದ್ದೆ ಹತ್ತೋದಿಲ್ಲ’ ಎಂದು ಹೇಳಬಲ್ಲನು.

ಯಾವ ಫೋನಿನಿಂದ ನೆರವು ಬರುತ್ತದೆಯೋ ಅದೇ ವ್ಯಸನವಾಗಿ ಅಂಟಿಕೊಂಡವರಿಗೆಂದು ನಿಮ್ಹಾನ್ಸ್‌ನಲ್ಲಿ 2014ರಿಂದ ‘ಶಟ್’ ಕ್ಲಿನಿಕ್ ನಡೆಯುತ್ತಿದೆಯೆಂಬುದು ಈ ಕಥೆಯ ವಕ್ರತೆ. 2024ರ ಅಕ್ಟೋಬರಿನಲ್ಲಿ ಟೆಲಿ-ಮಾನಸ್‌ಗೆ ಮುಖ ನೋಡಿ ಮಾತನಾಡುವ ಸೌಕರ್ಯವೂ ಕೂಡಿತು. ಆದರೆ ಒಂದೇ ಕೋಣೆಯ ಮನೆಯಲ್ಲಿ, ಕುಡಿದು ಮಲಗಿದ ಗಂಡನು ಎಚ್ಚರಗೊಂಡಾನೆಂದು ಹಿತ್ತಿಲ ಕತ್ತಲಿಗೆ ಬಂದು, ಸೆರಗನ್ನು ಬಾಯಿಗೆ ಒತ್ತಿಕೊಂಡು ಪಿಸುಗುಟ್ಟುವ ಹೆಂಗಸಿಗೆ ಬೇಕಾದುದು ಇನ್ನೂ ಆ ಮುಖ ಕಾಣದ ಕಿವಿಯೇ.